ಟಾರ್ಚಿನಿಂದ ತೊಳೆದ ಲಾರಿ

ಈ ಸಂಗತಿಯನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರಲ್ಲಿ ಮಳೆ ಬರುತ್ತದೆ. ರಸ್ತೆ ತೊಯ್ದಿರುತ್ತದೆ, ಲಾರಿಯ ದೀಪ ನೀರಿನ ಮೇಲೆ ಹೊಳೆಯುತ್ತದೆ. ಮೊನ್ನೆ ಹಳೆಯ ನೆಗೆಟಿವ್‌ಗಳ ಡಬ್ಬಿ ತೆಗೆದು ನೋಡಿದರೆ ರಸ್ತೆ ಒಣಗಿದೆ. ಧೂಳು ಕೂಡ ಇದೆ. ಮಳೆಯನ್ನು ನಾನೇ ಆಮೇಲೆ ತಂದು ಸುರಿದಿದ್ದೆ, ಚೆಂದ ಕಾಣಲೆಂದು. ಆದ್ದರಿಂದ ಈ ಸಲ ನೆಗೆಟಿವ್‌ಗಳನ್ನೂ ಆಗ ಬರೆದಿಟ್ಟ ಚಿಕ್ಕ ನೋಟ್‌ಬುಕ್ಕನ್ನೂ ಎದುರಿಗಿಟ್ಟುಕೊಂಡು ಕೂತಿದ್ದೇನೆ. ನೆನಪು ಹೆಚ್ಚು ಮಾತಾಡಿದರೆ ಅವು ತಡೆಯಲಿ.

ಎಂಬತ್ತರ ದಶಕದ ಮೊದಲ ವರ್ಷಗಳು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ, ಬಿದಿರು ತುಂಬಿದ ಲಾರಿಗಳನ್ನು ತೂಗುವ ಕಾಟಾದ ಮೇಲೆ ನಾನು ಗುಮಾಸ್ತ. ಇರುವುದು ಅಂಬೇವಾಡಿಯಲ್ಲಿ, ಒಂದು ಕೋಣೆಯಲ್ಲಿ. ಫೋಟೋ ತೆಗೆಯುವ ಹುಚ್ಚು ಹೊಸದಾಗಿ ಹತ್ತಿತ್ತು. ಹಗಲೆಲ್ಲ ಕಾಟಾದ ಮೇಲೆ ಹೋಗುತ್ತಿದ್ದುದರಿಂದ ನನಗೆ ಉಳಿದದ್ದು ರಾತ್ರಿ, ರಾತ್ರಿಗೆ ಸಿಕ್ಕಿದ್ದು ರಸ್ತೆ. ರಾತ್ರಿಯ ರಸ್ತೆಯನ್ನು ಹೇಗೆ ತೆಗೆಯಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ಕಲಿಸಿದ್ದು ಒಂದು ಕೇರಂ ಬೋರ್ಡು. ಪೇಟೆಯ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಪ್ರತಿ ರವಿವಾರ ಸಂಜೆ ನಾವು ನಾಲ್ವರು ಸೇರುತ್ತಿದ್ದೆವು. ಸ್ಟುಡಿಯೋದ ಮಾಲೀಕರು, ಅವರನ್ನು ಎಲ್ಲರೂ ಮಾಮಾ ಎನ್ನುತ್ತಿದ್ದರು. ಹಳಿಯಾಳದಿಂದ ಬಸ್ಸಿಗೆ ಬರುವ ಡ್ರಾಯಿಂಗ್ ಮಾಸ್ತರು. ಜೋಯಿಡಾ ಕಡೆಯ ಒಬ್ಬ ನರ್ಸು, ನಮಗೆಲ್ಲ ಸಿಸ್ಟರ್. ಮತ್ತೆ ನಾನು. ವಾರದ ಫೋಟೋಗಳನ್ನು ಕೇರಂ ಬೋರ್ಡಿನ ಮೇಲೆ ಒಂದೊಂದಾಗಿ ಇಡಬೇಕು. ಇಟ್ಟವನು ಬಾಯಿತುಂಬ ಎಲೆ ಅಡಿಕೆ ಹಾಕಿಕೊಳ್ಳಬೇಕು. ಉಳಿದವರ ಮಾತೆಲ್ಲ ಮುಗಿಯುವ ತನಕ ಅದನ್ನು ಉಗುಳುವಂತಿಲ್ಲ. ಫೋಟೋ ತಾನೇ ಮಾತಾಡಬೇಕು, ತೆಗೆದವನ ಸಮಜಾಯಿಷಿ ಬೇಡ ಎಂಬುದು ಮಾಮಾನ ಕಾನೂನು. ಮುರಿದವರು ಎಲ್ಲರಿಗೂ ಚಹಾ ಕುಡಿಸಬೇಕು. ಸಿಸ್ಟರ್ ಎಲೆ ಹಾಕುತ್ತಿರಲಿಲ್ಲ, ಅವರಿಗೆ ಪೆಪ್ಪರ್‌ಮಿಂಟು. ಅದು ಬೇಗ ಕರಗುತ್ತಿತ್ತು. ಹೀಗಾಗಿ ತಮ್ಮ ಫೋಟೋದ ಪರ ವಾದಿಸುವ ಅವಕಾಶ ಅವರೊಬ್ಬರಿಗೇ ಸಿಗುತ್ತಿತ್ತು.

ದಸರೆ ಮುಗಿದ ವಾರ, ಸಾಂಬ್ರಾಣಿ ಕಡೆಯ ಒಬ್ಬ ಲಾರಿ ಡ್ರೈವರ್ ಕಾಟಾದ ಕಿಟಕಿಗೆ ಮೊಣಕೈ ಊರಿ ನಿಂತರು. ಸಿದ್ದಿ ಮನೆತನದವರು, ನನಗಿಂತ ಬಹಳ ಹಿರಿಯರು. ನಾನು ಕಾಕಾ ಎನ್ನುತ್ತಿದ್ದೆ. ಅವರ ಲಾರಿಯನ್ನು ಕಂತ್ರಾಟುದಾರ ಹುಬ್ಬಳ್ಳಿಯ ಯಾರಿಗೋ ಮಾರಿದ್ದ. ದೀಪಾವಳಿ ಕಳೆದ ಮೇಲೆ ಅದು ಹೋಗುತ್ತದೆ.

“ಸಾಹೇಬ್ರ, ನೀವು ರಾತ್ರಿ ಫೋಟೋ ತಗೀತೀರಂತಲ್ರಿ?”

“ಕಲಿಯಾಕತ್ತೇನಿ ಕಾಕಾ.”

“ಇಷ್ಟು ವರ್ಷ ಆ ಗಾಡಿ ಹೊಡದೇನಿ. ರಾತ್ರಿ ರೋಡಿನ ಮ್ಯಾಲೆ ಅದು ಹೆಂಗ ಕಾಣಸ್ತೈತಿ, ಒಂದಿನಾನೂ ನೋಡಿಲ್ರಿ. ಯಾವಾಗ್ಲೂ ಒಳಗ ಕುಂತಿರ್ತೇನಲ್ರಿ. ನಾಕಾದ ಗಾರ್ಡ್ ನೋಡ್ಯಾನ, ಅಡವ್ಯಾಗಿನ ಕಾಡಕ್ವಾಣಾ ನೋಡ್ಯಾವ. ನಾ ಒಬ್ಬಾವ ನೋಡಿಲ್ಲ. ಹೋಗೂದ್ರಾಗ ಒಂದು ತೋರಸ್ರಿ.”

ನಾನು ಹೂಂ ಎಂದೆ. ಕಲಿಯುವವನ ಹೂಂ ಅದು, ಬೆಲೆ ಗೊತ್ತಿಲ್ಲದೆ ಹೇಳಿದ್ದು. ಕೈಯಲ್ಲಿ ಮೂರು ರವಿವಾರಗಳಿದ್ದವು.

ಮೊದಲ ಸಲ ಹಳಿಯಾಳ ರಸ್ತೆಯ ತಿರುವಿನಲ್ಲಿ ಮಾಮಾನ ಕ್ಯಾಮೆರಾವನ್ನು ಅವರದೇ ಕಟ್ಟಿಗೆಯ ಮೂರುಕಾಲಿನ ಮೇಲೆ ನಿಲ್ಲಿಸಿದೆ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಅದರ ಕಣ್ಣು ತೆರೆದಿರುತ್ತದೆ. ಲಾರಿ ದೂರದಲ್ಲಿ ಕಂಡಾಗ ಒತ್ತಿದೆ, ದಾಟಿ ಹೋದ ಮೇಲೆ ಬಿಟ್ಟೆ. ನೋಟ್‌ಬುಕ್ಕಿನಲ್ಲಿ ‘ಎಣಿಕೆ ಅರವತ್ತು, ಭಾರೀ ಬರುತ್ತದೆ’ ಎಂದಿದೆ. ಬಂದದ್ದು ಎರಡು ಬಿಳಿ ಗೆರೆ. ಅಷ್ಟು ದೊಡ್ಡ ಲಾರಿ, ಬಿದಿರು ಸಮೇತ, ಎಲ್ಲೂ ಇಲ್ಲ.

“ಯಾರೋ ರಂಗೋಲಿ ಹಾಕಾಕ ಕುಂತು, ಹಾಲು ಉಕ್ಕಿತಂತ ನಡುವ ಎದ್ದು ಓಡ್ಯಾರ” ಎಂದರು ಮಾಮಾ.

“ಗೆರೀ ಛಲೋ ಅದಾವ” ಎಂದರು ಮಾಸ್ತರು. “ಗಾಡಿ ಎಲ್ಲೈತಿ?”

“ಡಿಸ್ಚಾರ್ಜ್ ಆಗಿ ಮನೀಗೆ ಹೋಗೇತಿ” ಎಂದರು ಸಿಸ್ಟರ್.

ನನ್ನ ಬಾಯಿತುಂಬ ಎಲೆ. ಅರವತ್ತು ಎಂದು ಬೆರಳಲ್ಲಿ ತೋರಿಸಲು ಹೋದೆ. ಮಾಮಾ ಬೆರಳುಗಳನ್ನೂ ಮಡಿಸಿಟ್ಟರು. ಮರುದಿನ ಕಾಟಾದಲ್ಲಿ ಕಾಕಾನ ಕೈಗೆ ಕೊಟ್ಟೆ. ಅವರು ಅದನ್ನು ಉದ್ದುದ್ದ, ಅಡ್ಡಡ್ಡ ಹಿಡಿದು ನೋಡಿದರು. “ಇದು ಯಾರ ಗಾಡಿ ಬೇಕಾದ್ರೂ ಆಗಬಹುದಲ್ರಿ ಸಾಹೇಬ್ರ” ಎಂದರು, ನನಗೆ ನೋವಾಗಬಾರದೆಂದು ಮೆಲ್ಲಗೆ.

ಎರಡನೆಯ ವಾರ ಅರವತ್ತರ ಬದಲು ಒಂದು ಕ್ಷಣ ಮಾತ್ರ ಒತ್ತಿದೆ, ಲಾರಿ ಎದುರಿಗೆ ಬರುವಾಗಲೇ. ಕಪ್ಪಿನಲ್ಲಿ ಎರಡು ಹುಣ್ಣಿಮೆ ಚಂದ್ರರು ಬಂದರು. ಇಂಜೆಕ್ಷನ್ ನೋಡಿದವರ ಕಣ್ಣು ಎಂದರು ಸಿಸ್ಟರ್. ಮರುದಿನ ಕಾಟಾದಲ್ಲಿ ಕಾಕಾ ಮಾತ್ರ ಈ ಸಲ ಖುಷಿಯಾದರು. “ಬಲಗಡಿ ಲೈಟ್ ಮ್ಯಾಲಕ್ಕ ನೋಡಾಕತ್ತೈತಿ ನೋಡ್ರಿ. ಅದಕ್ಕ ಎದುರಿನಾವ್ರು ನನ್ನ ಬೈತಿದ್ರು!” ಎಂದು ಅಲ್ಲೇ ಸ್ಕ್ರೂಡ್ರೈವರ್ ತೆಗೆದು ಸರಿಮಾಡಿದರು. ನನ್ನ ಫೋಟೋ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಆದರೆ ಅವರು ಕೇಳಿದ್ದು ಅದನ್ನಲ್ಲ.

ಉಳಿದದ್ದು ಒಂದೇ ವಾರ. ಮುಂದಿನ ಮಾತು ಯಾರದೆಂದು ಇವತ್ತಿಗೂ ಜಗಳವಿದೆ. ನನ್ನ ನೆನಪಿನಲ್ಲಿ ಅದು ಸಿಸ್ಟರ್ ಹೇಳಿದ್ದು. ಮಾಸ್ತರು ತಮ್ಮದೆನ್ನುತ್ತಾರೆ. ನೋಟ್‌ಬುಕ್ಕು ಈ ವಿಷಯದಲ್ಲಿ ಎಲೆ ಹಾಕಿಕೊಂಡಿದೆ. ನಾನು ಸಿಸ್ಟರ್ ದನಿಯಲ್ಲೇ ಬರೆಯುತ್ತೇನೆ, ಯಾಕೆಂದರೆ ವಾರ್ಡು ಅವರದು.

“ರಾತ್ರಿ ಪಾಳಿಯೊಳಗ ನಾ ಪೇಶಂಟಿನ ಮಾರಿಗೆ ಟಾರ್ಚ್ ಬಿಡೂದಿಲ್ರಿ. ಬಗಲಿಂದ ಹಿಡೀತೇನಿ, ಸಾವಕಾಶ ತಿರಗಸ್ತೇನಿ. ಎಲ್ಲಾ ಕಾಣಸ್ತೈತಿ. ನಿಮ್ಮ ಗಾಡೀನೂ ಒಮ್ಮೆ ಮಲಗಸ್ರಿ.”

“ಓಡೂದೂ ಕಾಣಬೇಕಲ್ಲ?” ಎಂದೆ.

“ಮೊದಲ ನಿಂದರ್ಸು, ಆಮ್ಯಾಲೆ ಓಡ್ಸು. ಒಂದ ಫಿಲ್ಮಿನ್ಯಾಗ” ಎಂದರು ಮಾಮಾ. “ನಡುವ ಕ್ಯಾಮೆರಾದ ಕಣ್ಣು ಮುಚ್ಚಾಕ ನಿನ್ನ ಊಟದ ಡಬ್ಬೀ ಮುಚ್ಚಳಾ ಸಾಕು.”

ಲಾರಿಗಳು ತಾವಾಗಿ ನಿಲ್ಲುವ ಜಾಗ ಒಂದೇ, ಜೋಯಿಡಾ ರಸ್ತೆಯ ಅರಣ್ಯ ನಾಕಾ. ಬಿದಿರಿನ ಪಾಸು ತೋರಿಸದೆ ಅಲ್ಲಿಂದ ಯಾರೂ ದಾಟುವಂತಿರಲಿಲ್ಲ. ಗಾರ್ಡ್ ನಮಗಾಗಿ ಕಂದೀಲು ಸಣ್ಣ ಮಾಡಿ, ಗೇಟು ಎತ್ತಿ, ಆಮೇಲೆ ಪ್ರತಿ ನಿಮಿಷಕ್ಕೆ “ಆತೇನ್ರಿ?” ಎನ್ನುತ್ತ ನಿಂತ. ಲಾರಿಯ ಹಿಂದೆ, ಎಡಕ್ಕೆ, ನಾನು ಕ್ಯಾಮೆರಾ ನಿಲ್ಲಿಸಿದೆ. ಎಂಜಿನ್ ಬಂದ್, ದೀಪ ಬಂದ್. ಟಾರ್ಚ್ ನಾನು ಹಿಡಿಯುವುದೆಂದಿತ್ತು. ಕಾಕಾ ಕೊಡಲಿಲ್ಲ.

“ನನ್ನ ಗಾಡಿ ತೊಳಿಯಾಕ ನಿಮಗೆಲ್ಲಿ ಬರ್ತೈತ್ರಿ?”

ತೊಳೆದರು. ಬೇರೆ ಶಬ್ದ ನನಗೆ ಗೊತ್ತಿಲ್ಲ. ಕೋಗಿಲಬನದ ಹತ್ತಿರ ಕಾಳಿ ನದಿಗೆ ಲಾರಿ ಇಳಿಸಿ ಹೇಗೆ ತೊಳೆಯುತ್ತಿದ್ದರೋ ಹಾಗೆಯೇ, ಮೇಲಿಂದ ಕೆಳಗೆ, ಮೊಣಕೈ ಸುತ್ತಿಸಿ, ಬೆಳಕಿನಿಂದ. ಮೊದಲು ಬಿದಿರಿನ ತುದಿಗಳು, ಆಮೇಲೆ ಹಲಗೆ, ಆಮೇಲೆ ಕ್ಯಾಬಿನ್ನಿನ ಬಗಲು. ಕನ್ನಡಿಯ ಹತ್ತಿರ ಹೋದಾಗ “ಏ, ನಿಂದರ, ಕಿವಿ ತೊಳೀತೇನಿ” ಎಂದರು. ಗುಂಡಿ ಒತ್ತಿ ಹಿಡಿದು ಎಣಿಸುತ್ತಿದ್ದ ನಾನು ನಕ್ಕೆ. ಎಣಿಕೆ ತಪ್ಪಿತು. ಇದು ನೋಟ್‌ಬುಕ್ಕಿನಲ್ಲಿಯೂ ಇದೆ: ‘ಎಣಿಕೆ ತಪ್ಪಿತು, ಸುಮಾರು ಮುನ್ನೂರು’.

ಡಬ್ಬಿಯ ಮುಚ್ಚಳ ಅಡ್ಡ ಹಿಡಿದೆ. ಕಾಕಾ ಹತ್ತಿದರು, ಎಂಜಿನ್ ಶುರುವಾಯಿತು, ದೀಪ ಹತ್ತಿತು. ಮುಚ್ಚಳ ತೆಗೆದೆ. ಲಾರಿ ಗೇಟು ದಾಟಿ ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು. ಬೆರಳು ಬಿಟ್ಟೆ. “ಆತೇನ್ರಿ?” ಎಂದ ಗಾರ್ಡ್.

ದೀಪಾವಳಿಯ ಹಿಂದಿನ ರವಿವಾರ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟುಡಿಯೋಕ್ಕೆ ಬಂದರು. ಫೋಟೋವನ್ನು ಅವರಿಗೆ ಮೊದಲೇ ತೋರಿಸಿರಲಿಲ್ಲ. ಬೋರ್ಡಿನ ಮೇಲೆ ಇಟ್ಟೆ. ಬಿದಿರಿನ ತುದಿಗಳು ಒಂದೊಂದೂ ಎಣಿಸುವಂತೆ ಹೊಳೆಯುತ್ತಿದ್ದವು. ಲಾರಿ ನಿಂತೇ ಇತ್ತು. ಅದರ ಹಿಂದಿನ ದೀಪಗಳಿಂದ ಎರಡು ಗೆರೆಗಳು ಹೊರಟು ಏರು ಹತ್ತಿ, ತಿರುವಿನ ಮರಗಳನ್ನು ಬೆಳಗಿಸಿ ಹೋಗಿದ್ದವು. ಎಷ್ಟೋ ಹೊತ್ತು ಅದರ ಸುತ್ತ ತಿರುಗಿದ ಕಾಕಾ ಮಾತ್ರ ಎಲ್ಲೂ ಇರಲಿಲ್ಲ.

“ಎಲಿ ಯಾರು ಹಾಕ್ಕೋಬೇಕು?” ಎಂದರು ಮಾಸ್ತರು. “ಗುಂಡಿ ಒತ್ತಿದಾವ ಇವ, ಟಾರ್ಚ್ ಹಿಡದಾವ್ರು ಅವರು.”

“ಇಬ್ಬರೂ ಹಾಕ್ಕೋರಿ” ಎಂದರು ಮಾಮಾ. ಹಾಕಿಕೊಂಡೆವು.

ಮಾಮಾ ಗಾಡಿಯ ಮೈಯೊಳಗಿಂದ ರಸ್ತೆ ಸ್ವಲ್ಪ ಕಾಣುತ್ತದೆ ಎಂದರು. ಮಾಸ್ತರು ಏನೂ ಅನ್ನಲಿಲ್ಲ, ಅವರಿಂದ ಅದು ಮೆಚ್ಚುಗೆ. ಸಿಸ್ಟರ್ ಕನ್ನಡಕ ಏರಿಸಿ ಬಗ್ಗಿದರು.

“ಎಲ್ಲಾ ಛಲೋ ಐತಿ. ಆದ್ರ ಹಿಂದಿನ ಗಾಲಿ ಪೂರಾ ಕತ್ತಲಿ. ಅಲ್ಲಿ ಟಾರ್ಚ್ ಬಿದ್ದೇ ಇಲ್ಲ.”

ನಿಜ. ಕ್ಯಾಮೆರಾಕ್ಕೆ ಎಲ್ಲಕ್ಕಿಂತ ಹತ್ತಿರವಿದ್ದ ಚಕ್ರದ ಜಾಗದಲ್ಲಿ ಬರೀ ಕಪ್ಪು. ಆ ರಾತ್ರಿ ನಗುತ್ತ ನಿಂತ ನಾನು ಇದನ್ನು ನೋಡಿಯೇ ಇರಲಿಲ್ಲ. ಟಾರ್ಚಿನ ಸೆಲ್ಲು ಹಳೆಯದಾಗಿತ್ತು ಎಂಬ ಸಮಜಾಯಿಷಿಯನ್ನು ಬಾಯೊಳಗೇ ಸಿದ್ಧ ಮಾಡತೊಡಗಿದೆ.

ಅಷ್ಟರಲ್ಲಿ ಕಾಕಾ ಕೈ ಆಡಿಸುತ್ತ ಎದ್ದರು. ಹಿತ್ತಲ ಬಾಗಿಲಿಗೆ ಓಡಿ ಉಗುಳಿ, ಬಾಯಿ ಒರೆಸಿಕೊಂಡು ಬಂದರು.

“ಬಿದ್ದಿಲ್ಲ ಅಲ್ರಿ ಸಿಸ್ಟರ್, ನಾನ ಬಿಟ್ಟಿಲ್ಲ. ಆ ಟಾಯರ್ ಪೂರಾ ಸವದೈತ್ರಿ. ಹೊಸಾ ಟಾಯರ್ ಕೇಳಿ ಕೇಳಿ ಸಾಕಾತು. ಗಾಡಿ ಹೋಗೂ ಹೊತ್ತಿನ್ಯಾಗ ಅದನ್ಯಾಕ ತೋರಸ್ಬೇಕ್ರಿ?”

ಕಾಕಾ ಫೋಟೋವನ್ನು ಬೋರ್ಡಿನಿಂದ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಕೈ ಉದ್ದ ಚಾಚಿ ದೂರ ಮಾಡಿದರು, ಹತ್ತಿರ ತಂದರು, ಮತ್ತೆ ದೂರ ಮಾಡಿದರು.

“ಹಿಂಗ ಹೋಗ್ತೈತೇನ್ರಿ ಇದು!” ಎಂದರು. “ನಾ ಇನ್ನೂ ಜೋರಂತ ತಿಳದಿದ್ದೆ.”

ಕಾನೂನು ಮುರಿದದ್ದಕ್ಕೆ ಚಹಾ ಅವರೇ ತರಿಸಿದರು. ಚಹಾ ಕುಡಿಯಬೇಕೆಂದರೆ ನಾನೂ ಉಗುಳಬೇಕಿತ್ತು. ಹಿತ್ತಲಿಗೆ ಹೋದೆ. ಟಾರ್ಚಿನ ಸೆಲ್ಲಿನ ಸಮಜಾಯಿಷಿಯೂ ಎಲೆಯ ಜೊತೆಗೇ ಹೋಯಿತು.