ಲೆನ್ಸಿನ ಮೇಲಿನ ಕೆಂಪು ಚುಕ್ಕೆ

ಅಂಗಡಿ ಬೀದಿಯ ಮಹಡಿ ಮೇಲೆ ಫೋಟೋ ಸ್ಟುಡಿಯೋ ಇಟ್ಟಿದ್ದವರಿಗೆ ಮಕ್ಕಳು ಕೊಟ್ಟ ಹೆಸರು 'ಅಲ್ಲಾಡಬೇಡಿ ಮಾಮ'. ಮೂವತ್ತೊಂದು ವರ್ಷದಿಂದ ಸ್ಟೂಲಿನ ಮೇಲೆ ಕೂತವರಿಗೆಲ್ಲ ಅವರು ಹೇಳುತ್ತ ಬಂದದ್ದು ಅದೊಂದೇ ಮಾತು. ಅವರ ಹೆಂಡತಿ ಅದೇ ಲೆಕ್ಕದಲ್ಲಿ ಇಡೀ ಬೀದಿಗೆ ಅತ್ತೆ. ಬಂದವರ ಕಾಲರ್ ಸರಿಮಾಡುವುದು, ಅಳುವ ಕೂಸಿಗೆ ಗಿಲಕಿ ಆಡಿಸುವುದು, ಫೋಟೋ ಕತ್ತರಿಸಿ ಲಕೋಟೆಗೆ ಹಾಕುವುದು ಎಲ್ಲ ಅತ್ತೆಯ ಪಾಲು. ಹೆಸರು ಮಾತ್ರ ಮಾಮನದು.

ಮಾಮನ ವಿದ್ಯೆಯೆಲ್ಲ ಮೂರು ಗುರುತುಗಳಲ್ಲಿ ಅಡಗಿತ್ತು. ಸ್ಟೂಲಿಗೊಂದು, ಕ್ಯಾಮೆರಾ ಸ್ಟ್ಯಾಂಡಿಗೊಂದು ಎಂದು ನೆಲದ ಮೇಲೆ ಬಣ್ಣದ ಗೆರೆ. ಮೂರನೆಯದು ಲೆನ್ಸಿನ ಸುತ್ತ ತಿರುಗುವ ಫೋಕಸ್ ಬಳೆಯ ಮೇಲಿನ ಕೆಂಪು ಚುಕ್ಕೆ. ಅದನ್ನು ಇಟ್ಟವರು ಅತ್ತೆ, ಮದುವೆಯಾದ ವರ್ಷ, ತಮ್ಮ ಉಗುರುಬಣ್ಣದ ಸೀಸೆಯಿಂದ. ಬಳೆ ತಿರುಗಿಸಿ ಚುಕ್ಕೆಯನ್ನು ಮೇಲಕ್ಕೆ ತಂದರೆ ಸಾಕು, ಕೂತವರ ಕಣ್ಣರೆಪ್ಪೆಯ ಕೂದಲು ಎಣಿಸಬಹುದಿತ್ತು.

ಹೊಸ ಡಿಜಿಟಲ್ ಕ್ಯಾಮೆರಾ ಬಂದ ದಿನ ಅತ್ತೆ ಮುಖ ತೊಳೆದು, ತಲೆ ಬಾಚಿಕೊಂಡು ಬಂದು, ಇದರಲ್ಲಿ ಮೊದಲನೇ ಫೋಟೋ ತನ್ನದೇ ಆಗಬೇಕು ಎಂದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಊರವರ ಮುಖವನ್ನೆಲ್ಲ ತೆಗೆದ ಮಾಮ ಹೆಂಡತಿಯನ್ನು ಒಮ್ಮೆಯೂ ಆ ಸ್ಟೂಲಿನ ಮೇಲೆ ಕೂರಿಸಿರಲಿಲ್ಲ. ನಂಟರ ಗುಂಪಿನ ಫೋಟೋಗಳಲ್ಲಿ ಅವರ ಮುಖ ಕಡಲೆಕಾಳಿನಷ್ಟು ಸಿಕ್ಕರೆ ಹೆಚ್ಚು. ಮೊದಲು ಕ್ಯಾಮೆರಾ ಕೈಗೆ ಒಗ್ಗಲಿ, ಆಮೇಲೆ ನಿನ್ನದೇ ಎಂದು ಮಾಮ ಮಾತು ಕೊಟ್ಟರು. ತಾನಾಗಿಯೇ ಫೋಕಸ್ ಮಾಡುವ ಯಂತ್ರವನ್ನು ಅವರು ನಂಬುವ ಪೈಕಿಯಲ್ಲ. ಆ ಗುಂಡಿ ಆಫ್ ಮಾಡಿ, ಹೊಸ ಬಳೆಯ ಮೇಲೂ ಅತ್ತೆಯ ಕೈಯಿಂದ ಒಂದು ಕೆಂಪು ಚುಕ್ಕೆ ಇಡಿಸಿದರು.

ಫೋಟೋಗಳು ಮಸುಕಾಗಿ ಬರತೊಡಗಿದವು. ಪೂರ್ತಿ ಕೆಟ್ಟಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇವು ನಿದ್ದೆಗಣ್ಣಲ್ಲಿ ನೋಡಿದ ಹಾಗೆ ಮೆತ್ತಗಿದ್ದವು. ಮಾಮ ಲೆನ್ಸ್ ಒರೆಸಿದರು. ಅದರ ಮುಂದಿನ ರಕ್ಷಣೆಯ ಗಾಜು ಬಿಚ್ಚಿದರು. ಸ್ಟ್ಯಾಂಡ್ ಅದುರಬಾರದೆಂದು ಮರಳಿನ ಚೀಲ ಕಟ್ಟಿದರು, ಬೆರಳು ತಾಗಿ ಕ್ಯಾಮೆರಾ ಅಲುಗಬಾರದೆಂದು ಎರಡು ಸೆಕೆಂಡಿನ ಟೈಮರ್ ಹಾಕಿದರು. ಮಸುಕು ಜಪ್ಪಯ್ಯ ಎಂದರೂ ಹೋಗಲಿಲ್ಲ.

ಆಮೇಲೆ ಶುರುವಾಯಿತು ಪೇಪರ್ ಪರೀಕ್ಷೆ. ಅಕ್ಷರದ ಫೋಟೋ ತೆಗೆದರೆ ಮಸುಕು ಎಷ್ಟೆಂದು ನಿಖರವಾಗಿ ತಿಳಿಯುತ್ತದೆ ಎಂದು ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಮುಖದ ಮುಂದೆ ದಿನಪತ್ರಿಕೆ ಹಿಡಿಸಿದರು. ಹನ್ನೆರಡು ದಿನ, ದಿನಕ್ಕೆ ಒಂದೊಂದು ಗಂಟೆ. ಕೈ ಸೋಲುತ್ತೆ ಎಂದು ಅತ್ತೆ ಹೇಳಿದರೂ ಮಾಮನ ಕಿವಿಗೆ ಬೀಳಲಿಲ್ಲ. ಒಂದು ದಿನ ಟೈಮರ್ ಓಡುತ್ತಿರುವಾಗಲೇ ಅತ್ತೆ ಪೇಪರ್ ಕೆಳಗಿಳಿಸಿದರು.

"ರೀ, ಚುಕ್ಕೆ ಇಡುವಾಗಲೇ ನೋಡಿದೆ. ಈ ಬಳೆ ಎಲ್ಲೂ ನಿಲ್ಲಲ್ಲ, ಸುತ್ತಿದಷ್ಟೂ ಸುತ್ತುತ್ತೆ. ಹಳೇದು ಹಾಗಿರಲಿಲ್ಲ."

"ನಿಂಗೇನು ಗೊತ್ತಾಗುತ್ತೆ? ನೀನು ಅಲ್ಲಾಡ್ತೀಯ, ಅದಕ್ಕೇ ಹೀಗೆ. ಸುಮ್ನೆ ಪೇಪರ್ ಹಿಡಿ."

ಅತ್ತೆ ಮತ್ತೆ ಪೇಪರ್ ಎತ್ತಿ ಹಿಡಿದರು.

ಹದಿಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಅತ್ತೆಯ ಬಾಯಿಂದ ನೀರು ಒಂದೇ ಕಡೆ ಸೋರಿತು. ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು, ಬಾಯಿ ಓರೆಯಾಗಿತ್ತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಮಾತು ತೊದಲಿದರೂ ತಿಳಿಯುತ್ತಿತ್ತು. ಎಡಗೈ, ಮುಖದ ಎಡಭಾಗ ಮಾತ್ರ ಸರಿಯಾಗಲಿಲ್ಲ. ಡಾಕ್ಟರು ಇನ್ನು ಇಷ್ಟೇ ಎಂದುಬಿಟ್ಟರು.

ಸ್ಟುಡಿಯೋ ಬಾಗಿಲು ತೆರೆಯಲೇಬೇಕಿತ್ತು. ಮಾಮ ಕ್ಯಾಮೆರಾವನ್ನು ರಿಪೇರಿಯವನ ಹತ್ತಿರ ಒಯ್ದರು. ಅವನು ಕೆಂಪು ಚುಕ್ಕೆ ನೋಡಿ ನಕ್ಕು, ಒಂದೇ ಬೆರಳಲ್ಲಿ ಬಳೆಯನ್ನು ಗಿರಗಿರ ತಿರುಗಿಸಿದ. ಬಳೆಗೂ ಒಳಗಿನ ಗಾಜಿಗೂ ನೇರ ಸಂಬಂಧವೇ ಇಲ್ಲ, ಗಾಜು ಸರಿಸುವುದು ಮೋಟಾರು, ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರೆ ಚುಕ್ಕೆ ಒಂದು ಕಡೆ, ಫೋಕಸ್ ಇನ್ನೊಂದು ಕಡೆ ಎಂದು ವಿವರಿಸಿದ.

"ಇದು ಎಲ್ಲೂ ನಿಲ್ಲಲ್ಲ ಸಾರ್, ಸುತ್ತಿದಷ್ಟೂ ಸುತ್ತುತ್ತೆ."

ಆ ಮಾತನ್ನು ಮಾಮ ಆಗಲೇ ಒಮ್ಮೆ ಕೇಳಿದ್ದರು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದವರಿಗೆ ತಮ್ಮ ನಾಲಿಗೆಯನ್ನೇ ಕಿತ್ತುಹಾಕಬೇಕು ಅನ್ನಿಸಿತು. ಅವತ್ತೇ ಆ ಮಾತಿಗೆ ಕಿವಿಗೊಟ್ಟಿದ್ದರೆ ಅತ್ತೆಯ ಫೋಟೋ ಅವತ್ತೇ ಆಗುತ್ತಿತ್ತು. ಸ್ಟುಡಿಯೋಗೆ ಬಂದು ಹನ್ನೆರಡು ದಿನದ ನಾನೂರು ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದರು. ಎಲ್ಲದರಲ್ಲೂ ಪೇಪರ್, ಅಂಚಿನಲ್ಲಿ ಎರಡು ಕೈಗಳ ಬೆರಳು. ಒಂದರಲ್ಲಿ ಮಾತ್ರ ಪೇಪರ್ ಮಡಿಲಿಗೆ ಇಳಿದಿತ್ತು. ಏನೋ ಹೇಳಹೊರಟ ಅತ್ತೆಯ ನೆಟ್ಟಗಿನ ಮುಖ, ಮಸುಕು ಮಸುಕಾಗಿ. ಎಷ್ಟು ದೊಡ್ಡದು ಮಾಡಿದರೂ ಕಣ್ಣು ಸ್ಪಷ್ಟವಾಗಲಿಲ್ಲ.

ಮರುದಿನ ಬೆಳಿಗ್ಗೆ ಮಾಮ ಕ್ಯಾಮೆರಾವನ್ನು ಅಡುಗೆಮನೆಗೇ ತಂದರು. ಫೋಕಸ್ಸನ್ನು ಯಂತ್ರಕ್ಕೇ ಬಿಟ್ಟಿದ್ದರು. ಕಿಟಕಿಯ ಬೆಳಕು ಹದವಾಗಿತ್ತು. ಮೇಜಿನ ಹತ್ತಿರ ಕೂತಿದ್ದ ಅತ್ತೆಗೆ, ತಪ್ಪು ನಂದೇ, ನೀನು ಹೇಳಿದ್ದೇ ನಿಜ, ಈಗ ನಿನ್ನ ಫೋಟೋ ತೆಗೀತೀನಿ ಎಂದರು. ಅಲ್ಲಾಡಬೇಡ ಎನ್ನಲು ಬಾಯಿ ಬರಲಿಲ್ಲ.

ಅತ್ತೆ ಮೇಜಿನ ಮೇಲಿದ್ದ ಪೇಪರನ್ನು ಬಲಗೈಯಿಂದ ಎಳೆದುಕೊಂಡು ಮುಖದ ಮುಂದೆ ಹಿಡಿದರು. ಇನ್ನೊಂದು ಕೈಯ ಆಸರೆಯಿಲ್ಲದ ಮೂಲೆ ಜೋತುಬಿದ್ದು ಮುಖದ ಎಡಭಾಗ ಕಂಡಿತು. ಅತ್ತೆ ತಲೆಯನ್ನು ಇನ್ನಷ್ಟು ಒಳಗೆ ಸರಿಸಿಕೊಂಡರು.

"ಪೇಪರ್ ತೆಗಿ" ಎಂದರು ಮಾಮ.

"ಬೇಡ. ಹೀಗೇ ತೆಗೀರಿ."

ಮಾಮ ಗುಂಡಿ ಒತ್ತಿದರು.

"ಅಕ್ಷರ ಚೆನ್ನಾಗಿ ಬಂತಾ?" ಅತ್ತೆ ಪೇಪರಿನ ಹಿಂದಿನಿಂದಲೇ ಕೇಳಿದರು.

ಸಣ್ಣ ಅಕ್ಷರವೂ ಓದಲು ಬರುವಂತಿತ್ತು. ಒಂದೇ ಕೈಯ ಬೆರಳುಗಳ ಗೆರೆಗಳೂ ಕಾಣುತ್ತಿದ್ದವು.

"ಬಂತು" ಎಂದರು ಮಾಮ.