ಯೆರೆಮೀಯನನ್ನು ಎರಡು ಸಲ ಬರೆದ ಸಿದ್ದಮ್ಮ

ಬೆಳಗಿನ ಐದೂವರೆ. ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಹಾಲಿನ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಳೆಯ ಹೆಂಚಿನ ಮನೆಯೊಂದರ ಮುಂದಿನ ಕೋಣೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದೆ. ಐವತ್ತೆಂಟು ವರ್ಷದ ಸಿದ್ದಮ್ಮ ದಪ್ಪ ಹಾಳೆಯೊಂದನ್ನು ಯಂತ್ರಕ್ಕೆ ಸಿಕ್ಕಿಸಿ, ಕನ್ನಡಕ ಮೇಲೇರಿಸಿಕೊಂಡು, "ಓದು ರವಿ" ಎನ್ನುತ್ತಾರೆ. ಎದುರಿಗೆ ಕುಳಿತ ಅಟೆಂಡರ್ ರವಿಕುಮಾರ್ ಆಕಳಿಕೆ ನುಂಗಿಕೊಂಡು, ಅಚ್ಚಿನ ಪುಸ್ತಕದ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗುತ್ತಾರೆ. ಕೆಸರುಬಾವಿಗೆ ಇಳಿಸಿಬಿಟ್ಟಿದ್ದ ಪ್ರವಾದಿಯನ್ನು ಅರಮನೆಯ ಆಳೊಬ್ಬ ಹಗ್ಗ ಬಿಟ್ಟು ಮೇಲೆತ್ತುವ ಭಾಗ ಅದು. ಹಗ್ಗ ಕಂಕುಳನ್ನು ಕೊಯ್ಯದಿರಲಿ ಎಂದು ಆ ಆಳು ಹಳೆಬಟ್ಟೆಯ ಚಿಂದಿಗಳನ್ನೂ ಕೆಳಗೆ ಬಿಡುತ್ತಾನೆ.

"ನಿಧಾನ. ಒತ್ತಕ್ಷರ ನುಂಗ್ಬೇಡ," ಎಂದು ಸಿದ್ದಮ್ಮ ಕೈ ನಿಲ್ಲಿಸುತ್ತಾರೆ. "ನೀನಿಲ್ಲಿ ನುಂಗ್ಬಿಟ್ರೆ, ಮುಟ್ಟಿ ಓದೋ ಮೇಷ್ಟ್ರ ಬೆರಳಿಗೆ ಅದು ಎಲ್ಲಿಂದ ಸಿಗುತ್ತೆ?"

"ಚಿಂದಿ ಕೊಟ್ಟ ನೋಡಕ್ಕ, ಅವನು ಮನುಷ್ಯ," ಎನ್ನುತ್ತಾರೆ ರವಿಕುಮಾರ್. ಆಮೇಲೆ ಅದೇ ಸಾಲನ್ನು ಬಿಡಿಸಿ ಬಿಡಿಸಿ ಮತ್ತೊಮ್ಮೆ ಓದುತ್ತಾರೆ.

ಸಿದ್ದಮ್ಮನವರದು ಬ್ರೈಲ್ ಟೈಪಿಂಗ್. ಯಂತ್ರದಲ್ಲಿ ಆರೇ ಕೀಲಿ, ಜೊತೆಗೆ ಜಾಗ ಬಿಡುವುದಕ್ಕೊಂದು. ಎರಡೂ ಕೈಯ ಬೆರಳು ಒಟ್ಟಿಗೆ ಒತ್ತಿದರೆ ಹಾಳೆಯ ಮೇಲೆ ಉಬ್ಬು ಚುಕ್ಕಿಗಳು ಮೂಡುತ್ತವೆ, ಅದೇ ಅಕ್ಷರ. ಸಾಲು ಮುಗಿಯುವ ಮುನ್ನ ಯಂತ್ರ ಟಿಣ್ ಎನ್ನುತ್ತದೆ. ಅಚ್ಚಿನ ಒಂದು ಪುಟ ಇಲ್ಲಿ ನಾಲ್ಕೈದು ಪುಟವಾಗುತ್ತದೆ. ಅಂಧರಿಗಾಗಿ ಪುಸ್ತಕ ಮಾಡಿಕೊಡುವ ಈ ಪುಟ್ಟ ಟ್ರಸ್ಟಿನ ಕೋಣೆಯಲ್ಲಿ ಅವರು ಕೂತು ಮೂವತ್ತೊಂದು ವರ್ಷವಾಯಿತು. ಹಗಲೆಲ್ಲ ಶಾಲೆಯ ಪಾಠಗಳು, ಪ್ರಶ್ನೆಪತ್ರಿಕೆಗಳು, ದಿನಕ್ಕೆ ಹದಿನಾಲ್ಕು ಪುಟ. ಬೆಳಗಿನ ಐದೂವರೆಯಿಂದ ಎಂಟರವರೆಗಿನ ಹೊತ್ತು ಮಾತ್ರ ಅವರ ಸ್ವಂತದ್ದು. ಆ ಹೊತ್ತಿನಲ್ಲಿ ನಾಲ್ಕು ಪುಟ, ಕೈಬೆರಳ ಗಂಟು ನೋಯದ ದಿನ ಐದು. ಆ ನಾಲ್ಕೈದು ಪುಟಗಳೆಲ್ಲ ಈಗ ಸುಮಾರು ಒಂದು ವರ್ಷದಿಂದ ಬೈಬಲಿನ ಒಬ್ಬ ಹೀಬ್ರೂ ಪ್ರವಾದಿಗೆ ಮೀಸಲು.

ಅವರ ತಾಯಿ ಇದೇ ಬೀದಿಗಳ ಕಸ ಗುಡಿಸಿದವರು. ಸಿದ್ದಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ, ಬೇರೆ ಕೆಲಸ ಸಿಗದೆ, ಇಪ್ಪತ್ತೇಳನೇ ವಯಸ್ಸಿಗೆ ಈ ಕೋಣೆಗೆ ಬಂದದ್ದೂ ಕಸಬರಿಗೆ ಹಿಡಿದೇ. ಆಗ ಇಲ್ಲಿ ಟೈಪ್ ಮಾಡುತ್ತಿದ್ದವರು ಕಾಯಿಲೆ ಬಿದ್ದರು. ಬ್ರೈಲ್ ಹಾಳೆಗಳ ತಪ್ಪು ತಿದ್ದಲು ಬರುತ್ತಿದ್ದ ವಸಂತ್ ಮೇಷ್ಟ್ರು, ಯಂತ್ರದ ಧೂಳು ಒರೆಸುತ್ತಿದ್ದ ಹೆಣ್ಣುಮಗಳ ಕೈಗೆ ಹಾಳೆ ಕೊಟ್ಟು, "ಕೂತ್ಕೊಳಮ್ಮ, ಹೇಳ್ಕೊಡ್ತೀನಿ" ಅಂದರು. ಮೇಷ್ಟ್ರು ಅಂಧರ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದವರು. ಒಂಬತ್ತನೇ ವಯಸ್ಸಿಗೆ ಕಣ್ಣು ಹೋಗಿತ್ತು. "ನನ್ನ ಮೊದಲ್ನೇ ಪುಟದಲ್ಲಿ ಅರವತ್ತೊಂದು ತಪ್ಪು ಹಿಡಿದ್ರು. ಬೈಲಿಲ್ಲ. ಪ್ರತಿಯೊಂದನ್ನೂ ಬೆರಳಲ್ಲಿ ತೋರಿಸಿದ್ರು," ಎಂದು ನೆನೆಯುತ್ತಾರೆ ಸಿದ್ದಮ್ಮ.

ಮೇಷ್ಟ್ರಿಗೀಗ ಎಪ್ಪತ್ತೊಂಬತ್ತು. ಇದೇ ಬಡಾವಣೆಯಲ್ಲಿ, ಚರ್ಚಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಅವರ ಮನೆ. ಅವರು ಹರೆಯದಿಂದ ಓದುತ್ತ ಬಂದ ಪುಸ್ತಕ ಯೆರೆಮೀಯನದು. ತನ್ನ ಜನ ಅನ್ಯಾಯಕ್ಕೆ ಇಳಿದಾಗ, ನಗರ ಉರಿದುಹೋಗುತ್ತದೆ, ನೀವು ಸೆರೆಯಾಗಿ ಹೋಗುತ್ತೀರಿ ಎಂದು ದೇವರ ತೀರ್ಪನ್ನು ಸಾರಿದವನು, ಮತ್ತೆ ಅದೇ ಬಾಯಲ್ಲಿ, ಒಂದು ದಿನ ವಾಪಸ್ ಬರುತ್ತೀರಿ, ಮನೆ ಕಟ್ಟುತ್ತೀರಿ, ದ್ರಾಕ್ಷಿ ನೆಡುತ್ತೀರಿ ಎಂದವನು ಆ ಪ್ರವಾದಿ. ಐವತ್ತು ವರ್ಷ ಓದಿ ಓದಿ ಮೇಷ್ಟ್ರ ಪ್ರತಿಯ ಚುಕ್ಕಿಗಳು ಸವೆದಿದ್ದವು. ಸುಮಾರು ವರ್ಷದ ಹಿಂದೆ ಅವರು ಸಂಕೋಚದಿಂದಲೇ ಕೇಳಿದರು: "ಸಿದ್ದಮ್ಮ, ಇದೊಂದನ್ನ ನನಗೆ ಹೊಸದಾಗಿ ಮಾಡಿಕೊಡ್ತೀರಾ? ಸಕ್ಕರೆ ಕಾಯಿಲೆಗೆ ಬೆರಳು ಮರಗಟ್ತಿದೆ. ಗೊತ್ತಾಗೋದು ನಿಲ್ಲೋ ಮೊದಲು ಇನ್ನೊಂದ್ಸಲ ಓದ್ಬೇಕು."

ಫೋನಿನಲ್ಲಿ ಕೇಳಬಹುದಲ್ಲ ಎಂದು ಯಾರೋ ಅಂದದ್ದಕ್ಕೆ ಮೇಷ್ಟ್ರು, "ಫೋನ್ ಓದುತ್ತೆ, ನಾನು ಕೇಳ್ತೀನಿ. ನಾನು ಓದೋದು ಯಾವಾಗ?" ಅಂದಿದ್ದರಂತೆ. ಟ್ರಸ್ಟಿನ ಬ್ರೈಲ್ ಪ್ರಿಂಟರ್ ಕೆಟ್ಟು ಮೂಲೆ ಸೇರಿದೆ. ಹಾಗಾಗಿ ಇದು ಕೈಯಲ್ಲೇ ಆಗಬೇಕಾದ ಕೆಲಸ. ಐವತ್ತೆರಡು ಅಧ್ಯಾಯ, ಸುಮಾರು ಏಳುನೂರ ಇಪ್ಪತ್ತು ಪುಟ, ಏಳು ಸಂಪುಟ. ಪ್ರತಿ ಒಂದೇ.

ಎಂಟನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಸಿದ್ದಮ್ಮ ಯಂತ್ರಕ್ಕೆ ಮುಸುಕು ಹಾಕಿಬಿಟ್ಟರು. ಅವರ ಮನೆಯವರು ಎರಡು ತಲೆಮಾರಿನಿಂದ ಬೌದ್ಧರು. "ನಮ್ಮಲ್ಲಿ ಸಿಟ್ಟು ಮಾಡ್ಕೊಳೋ ದೇವರೇ ಇಲ್ಲ. ಇಲ್ಲಿ ನೋಡಿದ್ರೆ ಪುಟ ಪುಟಕ್ಕೂ ಬರ, ಬೆಂಕಿ, ಕತ್ತಿ. ಮಕ್ಕಳು ಮರಿನೂ ಬಿಡಲ್ಲ. ನನ್ನ ಬೆರಳಿಂದ ಇದನ್ನ ಯಾಕೆ ಒತ್ತಲಿ ಅನ್ನಿಸ್ತು," ಎನ್ನುತ್ತಾರೆ. ಮೇಷ್ಟ್ರ ಮನೆಗೆ ಹೋಗಿ ಅದನ್ನೇ ಹೇಳಿದರು. ಮೇಷ್ಟ್ರು, "ನನಗೂ ಪೂರ್ತಿ ಅರ್ಥವಾಗಿಲ್ಲಮ್ಮ. ಆದ್ರೆ ಒಂದು ನೋಡಿ, ಇಷ್ಟು ಸಿಟ್ಟು ಮಾಡ್ಕೊಂಡೋರು ಬಿಟ್ಟು ಹೋಗ್ಲಿಲ್ಲ. ಸಿಟ್ಟಿಲ್ಲದೇ ಇರೋರು ಎಷ್ಟೋ ಜನ ಬಿಟ್ಟು ಹೋಗಿದ್ದಾರೆ," ಅಂದರು. ಸಿದ್ದಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ಮುಸುಕು ತೆಗೆದರು. "ಮೇಷ್ಟ್ರಿಗೋಸ್ಕರ. ಆ ದೇವರಿಗೋಸ್ಕರ ಅಲ್ಲ."

ಕಳೆದ ಆಗಸ್ಟ್ ಹೊತ್ತಿಗೆ ಐನೂರ ನಲವತ್ತೆಂಟು ಪುಟ ಮುಗಿದಿತ್ತು. ಮೊದಲ ಎರಡು ಸಂಪುಟ, ಇನ್ನೂರ ಆರು ಪುಟ, ಆಗಲೇ ಮೇಷ್ಟ್ರ ಮನೆ ಸೇರಿದ್ದವು. ಮಿಕ್ಕ ಮುನ್ನೂರ ನಲವತ್ತೆರಡು ಹಾಳೆ ಬೈಂಡಿಂಗಿಗಾಗಿ ಕಪಾಟಿನ ಪಕ್ಕದ ಮೇಜಿನ ಮೇಲಿದ್ದವು. ಸಾಲು ರಜೆ ಬಂದಾಗ ಕೋಣೆಗೆ ಸುಣ್ಣ ಬಳಿಸುವುದೆಂದಾಯಿತು. ಸಾಮಾನು ಸರಿಸುವ ಕೆಲಸ ರವಿಕುಮಾರ್ ಅವರದು. ಅಟೆಂಡರ್ ಆಗಿ ಸೇರಿ ಮೂರು ತಿಂಗಳಾಗಿತ್ತಷ್ಟೆ. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಅವೆನ್ಯೂ ರಸ್ತೆಯ ಕಡೆ ಕಾಗದದ ಅಂಗಡಿಗಳಲ್ಲಿ ಲೋಡು ಹೊತ್ತವರು. ಕಾಗದ ಗೊತ್ತಿತ್ತು, ಬ್ರೈಲ್ ಗೊತ್ತಿರಲಿಲ್ಲ. ಕಣ್ಣಿಗೆ ಖಾಲಿಯಾಗಿ ಕಂಡ ಆ ದಪ್ಪ ಹಾಳೆಗಳು ಮಳೆಗಾಲದ ತೇವಕ್ಕೆ ಅಂಚಿನಲ್ಲಿ ಸುರುಳಿಯೇಳುತ್ತಿದ್ದುದನ್ನು ಕಂಡು, ನೀಟಾಗಿ ಜೋಡಿಸಿ, ಮೇಲೆ ಪಠ್ಯಪುಸ್ತಕದ ಆರು ರಟ್ಟಿನ ಪೆಟ್ಟಿಗೆ ಹೇರಿದರು. ನಾಲ್ಕು ದಿನ ಅವು ಆ ಭಾರದಡಿ ಇದ್ದವು.

"ರಜೆ ಮುಗಿಸ್ಕೊಂಡು ಬಂದು ಮೇಲಿನ ಹಾಳೆ ಮೇಲೆ ಕೈ ಆಡಿಸಿದೆ. ನುಣ್ಣಗಿತ್ತು," ಎನ್ನುತ್ತಾರೆ ಸಿದ್ದಮ್ಮ. ದೀಪವನ್ನು ಓರೆಯಾಗಿ ಹಿಡಿದರೆ ಕಣ್ಣಿಗೆ ಚುಕ್ಕಿಯ ಗುರುತು ಕಾಣುತ್ತಿತ್ತು. ಬೆರಳಿಗೆ ಮಾತ್ರ ಏನೂ ಉಳಿದಿರಲಿಲ್ಲ.

"ಸುರುಳಿ ಸುತ್ಬಾರ್ದು ಅಂತ ಭಾರ ಇಟ್ಟೆ ಅಕ್ಕ. ಅಂಗಡೀಲಿ ಹಂಗೇ ಇಡ್ತಿದ್ವಿ," ಎಂದು ರವಿಕುಮಾರ್ ಗೋಡೆಗೊರಗಿ ನಿಂತುಬಿಟ್ಟರು. ಸಿದ್ದಮ್ಮ ಮೂರು ದಿನ ಅವರ ಜೊತೆ ಮಾತಾಡಲಿಲ್ಲ. ಅವರು ತಂದಿಟ್ಟ ಟೀಯನ್ನು ಅವರೆದುರೇ ಮೋರಿಗೆ ಚೆಲ್ಲಿದರು. ಈಗ ಅದನ್ನು ಹೇಳುವಾಗ ತಲೆ ತಗ್ಗಿಸುತ್ತಾರೆ. "ಮನಸ್ಸಲ್ಲೇ ಎಂಥೆಂಥ ಶಾಪ ಹಾಕ್ದೆ ಗೊತ್ತಾ? ಆ ಪ್ರವಾದಿ ಪುಸ್ತಕದಲ್ಲೂ ಅಷ್ಟಿರ್ಲಿಲ್ಲ. ನಾನು ಸಿಟ್ಟಿನ ದೇವರು ಬೇಡ ಅಂದಿದ್ದವಳು."

ಶನಿವಾರ ಟ್ರಸ್ಟಿನ ಸಭೆ. ಕಾರ್ಯದರ್ಶಿ ವಾದಿರಾಜ ಅವರು ಬಸವನಗುಡಿಯವರು, ಬ್ಯಾಂಕಿನಿಂದ ನಿವೃತ್ತರಾದ ಶಿಸ್ತಿನ ಮನುಷ್ಯ. ತಿಂಗಳುಗಟ್ಟಲೆಯ ಕೆಲಸ ಹಾಳಾಗಿದೆ, ರವಿಕುಮಾರ್ ಅವರನ್ನು ಬಿಡಿಸಿಬಿಡೋಣ ಎಂದು ಅವರು ನಿರ್ಧರಿಸಿಯೇ ಬಂದಿದ್ದರು. ಬಾಗಿಲ ಹೊರಗೆ ರವಿಕುಮಾರ್ ತಮ್ಮ ಬ್ಯಾಗು ತುಂಬಿಕೊಂಡು ನಿಂತಿದ್ದರು. ಸಿದ್ದಮ್ಮ ಹಿಂದಿನ ಸಂಜೆಯಷ್ಟೇ ಮೇಷ್ಟ್ರಿಗೆ ವಿಷಯ ತಿಳಿಸಿ ಬಂದಿದ್ದರು. ಮೇಷ್ಟ್ರು, ಮೂವತ್ತಾರನೇ ಅಧ್ಯಾಯ ನೆನಪಿದೆಯಾ ಎಂದು ಮಾತ್ರ ಕೇಳಿದ್ದರು. ಯೆರೆಮೀಯ ಹೇಳಿ, ಬಾರೂಕನೆಂಬ ಲಿಪಿಕಾರ ಬರೆದ ಸುರುಳಿಯನ್ನು ರಾಜ ಚೂರಿಯಿಂದ ಕೊಯ್ದು ಕೊಯ್ದು ಒಲೆಗೆ ಹಾಕುತ್ತಾನೆ. ಬಾರೂಕ ಇನ್ನೊಂದು ಸುರುಳಿ ತೆಗೆದುಕೊಂಡು ಎಲ್ಲವನ್ನೂ ಮೊದಲಿಂದ ಬರೆಯುತ್ತಾನೆ. ಸಿದ್ದಮ್ಮ ಅದನ್ನು ಟೈಪ್ ಮಾಡಿದ್ದವರೇ. "ಅಕ್ಷರ ಒತ್ತಿದ್ದೆ, ಕಥೆ ಕೇಳಿಸ್ಕೊಂಡಿರ್ಲಿಲ್ಲ," ಎನ್ನುತ್ತಾರೆ.

"ಅವನನ್ನ ಕಳಿಸಿದ್ರೆ ಚುಕ್ಕಿ ಏಳುತ್ತಾ ಸಾರ್?" ಎಂದು ಸಭೆಯಲ್ಲಿ ಸಿದ್ದಮ್ಮ ಕೇಳಿದರು.

"ಹಾಗಂತ ಸುಮ್ನೆ ಬಿಡೋಕಾಗುತ್ತಾ?" ಎಂದರು ವಾದಿರಾಜ.

"ಸುಮ್ನೆ ಬಿಡಿ ಅಂತ ನಾನೂ ಹೇಳ್ತಿಲ್ಲ. ಬೆಳಿಗ್ಗೆ ಐದೂವರೆಗೆ ಬಂದು ನನಗೆ ಓದಿ ಹೇಳ್ಲಿ. ಮುನ್ನೂರ ನಲವತ್ತೆರಡು ಹಾಳೆ ಮುಗಿಯೋವರ್ಗೂ. ಒಬ್ರು ಓದಿದ್ರೆ ನನ್ನ ಕೈ ಬೇಗ ಓಡುತ್ತೆ."

ವಾದಿರಾಜ ಕನ್ನಡಕ ತೆಗೆದು ಒರೆಸಿಕೊಂಡು, ಕೊನೆಗೆ, "ಒಂದು ದಿನ ತಪ್ಪಿಸಿದ್ರೂ ನನಗೆ ಹೇಳಿ" ಅಂದರು. ರವಿಕುಮಾರ್ ಶ್ರೀರಾಂಪುರದಿಂದ ಮೊದಲ ಬಸ್ಸಿಗೆ ಬರುತ್ತಾರೆ. ಒಂದು ದಿನವೂ ತಪ್ಪಿಸಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಮೊದಲ ವಾರ ಒಂದು ಪುಟ ಓದುವುದಕ್ಕೇ ಬೆವರು ಬಂದಿತ್ತು. ಈಗ ತಡವರಿಕೆ ಕಡಿಮೆಯಾಗಿದೆ. ಮನೆಯಲ್ಲಿ ಹೆಂಡತಿಗೆ ಪೇಪರ್ ಓದಿ ಹೇಳುತ್ತಾರಂತೆ, ಆಕೆ ಬೇಡವೆಂದರೂ.

ಎರಡನೇ ಸಲ ಶುರು ಮಾಡುವಾಗ ಸಿದ್ದಮ್ಮ ಒಂದು ತೀರ್ಮಾನ ಮಾಡಿದರು. ಕ್ರಮ ಬಿಟ್ಟು, ನಾನೂರ ಹನ್ನೆರಡನೇ ಪುಟದಿಂದ ಟೈಪ್ ಮಾಡತೊಡಗಿದರು. ಅಲ್ಲಿಂದ ಐವತ್ತೆಂಟು ಪುಟ, ಮೂವತ್ತರಿಂದ ಮೂವತ್ತಮೂರನೇ ಅಧ್ಯಾಯ. ಚದುರಿದವರು ವಾಪಸ್ ಬರುವುದು, ಬಿದ್ದ ಊರನ್ನು ಅದೇ ದಿಬ್ಬದ ಮೇಲೆ ಕಟ್ಟುವುದು, ವೈರಿಗಳು ಊರು ಮುತ್ತಿರುವಾಗ ಸೆರೆಯಲ್ಲಿದ್ದುಕೊಂಡೇ ಪ್ರವಾದಿ ಒಂದು ಹೊಲ ಕೊಳ್ಳುವುದು, ಎಲ್ಲ ಅಲ್ಲಿದೆ. ಹೊಲದ ಭಾಗ ಬಂದಾಗ ಸಿದ್ದಮ್ಮನಿಗೆ ತಮ್ಮ ತಾಯಿ ನೆನಪಾದರು. ಕೆರೆಯಂಗಳದಲ್ಲಿದ್ದ ಇವರ ಗುಡಿಸಲನ್ನು ಎತ್ತಂಗಡಿ ಮಾಡಿಸಿದ ದಿನ, ಆ ತಾಯಿ ಬೀದಿಯಲ್ಲಿ ಪಾತ್ರೆಗಳ ನಡುವೆ ಕೂತು, ಹೊಸ ಬೀಗವೊಂದನ್ನು ಕೊಂಡು ತರಿಸಿದ್ದರಂತೆ. "ಹಾಕೋಕೆ ಬಾಗಿಲೇ ಇರ್ಲಿಲ್ಲ. ಹುಚ್ಚು ಅಂದ್ಕೊಂಡಿದ್ದೆ."

ಹದಿನೈದು ದಿನಕ್ಕೆ ಆ ಐವತ್ತೆಂಟು ಪುಟ ಮುಗಿಸಿ, ಹೊಲಿದು, ಮೇಷ್ಟ್ರ ಕೈಗಿಟ್ಟರು. ಮೇಷ್ಟ್ರ ಬೆರಳು ಮೊದಲು ಹೋದದ್ದು ಪುಟಸಂಖ್ಯೆಗೆ. ಮುಖ ಗಂಟಾಯಿತು. "ಇನ್ನೂರ ಏಳು ಎಲ್ಲಿ?"

"ಆಮೇಲೆ ಬರುತ್ತೆ ಮೇಷ್ಟ್ರೇ. ಮೊದ್ಲು ಇದನ್ನ ಓದಿ."

"ತೀರ್ಪು ದಾಟ್ಕೊಂಡು ಸಮಾಧಾನಕ್ಕೆ ಹಾರೋಕಾಗಲ್ಲ ಸಿದ್ದಮ್ಮ. ತಪ್ಪು ಏನು ಅಂತ ಗೊತ್ತಿಲ್ದೆ ಕ್ಷಮೆ ಓದಿದ್ರೆ ಅದು ಅಗ್ಗವಾಗ್ಬಿಡುತ್ತೆ."

ಮೇಷ್ಟ್ರು ಹಟಮಾರಿ. ಸಂಪುಟ ಒಂಬತ್ತು ದಿನ ತೆರೆಯದೆ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಹತ್ತನೇ ದಿನ ಸಿದ್ದಮ್ಮ ಹೋಗಿ, ಚಪ್ಪಲಿ ಬಿಟ್ಟು, ಜಗುಲಿಯಲ್ಲಿ ಅವರ ಪಕ್ಕ ಕೂತರು. "ನೀವು ಹೇಳೋದು ಪುಸ್ತಕಕ್ಕೆ ಸರಿ. ಆದ್ರೆ ಆ ಸಿಟ್ಟನ್ನ ನೀವು ಐವತ್ತು ವರ್ಷ ಓದಿದ್ದೀರಿ. ಬಾಯಿಪಾಠ ಆಗಿದೆ. ನಿಮ್ಮ ಬೆರಳು ನನ್ನ ಟೈಪಿಂಗಿಗೆ ಕಾಯಲ್ಲ ಮೇಷ್ಟ್ರೇ. ತೀರ್ಪನ್ನ ನಾನು ಪೂರ್ತಿ ಮಾಡಿಕೊಡ್ತೀನಿ, ಒಂದಕ್ಷರ ಬಿಡಲ್ಲ. ಇದನ್ನ ಮಾತ್ರ ಈಗ ಓದಿ."

ಮೇಷ್ಟ್ರು ಎದ್ದು ಹೋಗಿ ಸಂಪುಟ ತಂದು ತೊಡೆಯ ಮೇಲಿಟ್ಟುಕೊಂಡರು. ಬಲಗೈ ತೋರುಬೆರಳಿಗೆ ಆಗಲೇ ಏನೂ ಗೊತ್ತಾಗುತ್ತಿರಲಿಲ್ಲ. ಎಡಗೈ ಉಂಗುರದ ಬೆರಳಿನಿಂದ, ಒಂದು ಸಾಲಿಗೆ ಎರಡು ನಿಮಿಷದಂತೆ, ಗಟ್ಟಿಯಾಗಿ ಓದಿದರು. ಮಕ್ಕಳನ್ನು ಕಳೆದುಕೊಂಡ ತಾಯಿಯೊಬ್ಬಳಿಗೆ, ಅಳು ನಿಲ್ಲಿಸು, ಅವರು ವಾಪಸ್ ಬರುತ್ತಾರೆ ಎನ್ನುವ ಕಡೆ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಅದನ್ನೇ ಎರಡನೇ ಸಲ ಓದಿದರು, ಮೂರನೇ ಸಲ ಸದ್ದಿಲ್ಲದೆ. ಆಮೇಲೆ ಕೇಳಿದರು: "ಇದನ್ನ ನಿಮಗೆ ಓದಿ ಹೇಳಿದ್ದು ರವಿನೇನಾ? ಚೆನ್ನಾಗಿ ಓದಿದ್ದಾನೆ. ಒಂದೂ ಒತ್ತು ಬಿಟ್ಟಿಲ್ಲ." ಸಿದ್ದಮ್ಮ ಮಾರನೆಯ ಬೆಳಿಗ್ಗೆ ಆ ಮಾತನ್ನು ಹಾಗೇ ರವಿಕುಮಾರ್‌ಗೆ ತಲುಪಿಸಿದರು. ಅವರು ಟೀ ತರುತ್ತೇನೆಂದು ಹೊರಗೆ ಹೋದವರು ಅರ್ಧ ಗಂಟೆ ಬರಲಿಲ್ಲ.

ಕೊಟ್ಟ ಮಾತಿನಂತೆ ಸಿದ್ದಮ್ಮ ಇನ್ನೂರ ಏಳಕ್ಕೆ ಮರಳಿದರು. ಹಾಳಾದ ಹಾಳೆಗಳಲ್ಲಿ ಈಗ ಉಳಿದಿರುವುದು ಇಪ್ಪತ್ತು ಚಿಲ್ಲರೆ, ಅದಾದ ಮೇಲೆ ಕೊನೆಯ ಹನ್ನೆರಡು ಅಧ್ಯಾಯ. ರವಿಕುಮಾರ್ ಅವರ ಶಿಕ್ಷೆ ಹಾಳಾದ ಹಾಳೆಗಳಿಗೆ ಮುಗಿಯುತ್ತದೆ. ಮುಂದೇನು ಎಂದು ಅವರನ್ನು ಕೇಳಿದರೆ, "ಕಥೆ ಅರ್ಧಕ್ಕೆ ಬಿಟ್ಟು ಹೋಗೋಕಾಗುತ್ತಾ?" ಎನ್ನುತ್ತಾರೆ.

ಸಿದ್ದಮ್ಮನವರಿಗೂ ಒಂದು ಆಸೆಯಿದೆ. ಮೂವತ್ತೊಂದು ವರ್ಷ ಬ್ರೈಲ್ ಬರೆದರೂ ಅವರು ಅದನ್ನು ಓದುವುದು ಕಣ್ಣಿನಿಂದ, ಚುಕ್ಕಿಯ ನೆರಳು ನೋಡಿ. ಬೆರಳಿಗೆ ಓದು ಬರುವುದಿಲ್ಲ. ಈಗ ಭಾನುವಾರ ಸಂಜೆ ಮೇಷ್ಟ್ರ ಜಗುಲಿಯಲ್ಲಿ ಕಣ್ಣು ಮುಚ್ಚಿ ಕೂತು, ಹಾಳೆಯ ಮೇಲೆ ಬೆರಳಾಡಿಸಿ ಪಾಠ ಹೇಳಿಸಿಕೊಳ್ಳುತ್ತಿದ್ದಾರೆ.

"ಅಚ್ಚಿನ ಪುಸ್ತಕ ನೋಡ್ಕೊಂಡು ಯಾರು ಬೇಕಾದ್ರೂ ಅವರಿಗೆ ಓದಿ ಹೇಳ್ಬೋದು. ಅವರ ಬೆರಳು ಪೂರ್ತಿ ನಿಂತ ದಿನ, ಅವರ ಪುಸ್ತಕಾನ ಅವರ ಥರಾನೇ ಓದಿ ಹೇಳ್ಬೇಕು ಅಂತ ನನಗೆ," ಎನ್ನುತ್ತಾ ಅವರು ಗಂಟುಗಟ್ಟಿದ ತೋರುಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ನಾಕು ಅಕ್ಷರ ಬಂದಿದೆ. ಐದನೇದು ಇನ್ನೂ ಜಾರ್ತಾ ಇದೆ."