ಅತ್ತೆಯ ಬಿಗುಮಾನ

ಕಣ್ಣಿಗೆ ಬಿಡುವ ಔಷಧಿಗೆ ವಾಸನೆ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಪರೇಷನ್ ಆದ ದಿನದಿಂದ ಅದು ನನ್ನ ಬೆರಳಿಗೆ ಹತ್ತಿಕೊಂಡಿದೆ, ಅನ್ನ ಕಲಸಿದರೂ ಮೂಗಿಗೆ ಅದೇ ಬಡಿಯುತ್ತದೆ. ಅಂಗಡಿ ತೆರೆಯುವ ಮುಂಚೆ ಗೌರತ್ತೆಯ ಮನೆಗೆ ಹೋಗಿ, ಅವಳನ್ನು ಮಲಗಿಸಿ, ಬಲಗಣ್ಣಿಗೆ ಹನಿ ಬಿಟ್ಟು ಬರುವುದು ಈಗ ನನ್ನ ಕೆಲಸ. "ಸೋದರತ್ತೆ ಮ್ಯಾಲೆ ಎಂಥಾ ಪ್ರೀತಿ ನೋಡ್ರಿ" ಅಂತಾರೆ ಓಣಿಯವರು. ಅದನ್ನು ಕೇಳಿದಾಗಲೆಲ್ಲ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ.

ಗೌರತ್ತೆ ನಮ್ಮಪ್ಪನ ತಂಗಿ. ಇದೇ ಹೊಸದುರ್ಗದ ಶಾಲೆಯಲ್ಲಿ ಮೇಡಂ ಆಗಿದ್ದವಳು. ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳೂ ಅವಳೇ, ಮಗ್ಗಿ ಬಾರದ್ದಕ್ಕೆ ಕಿವಿ ಹಿಂಡಿದವಳೂ ಅವಳೇ. ನಿವೃತ್ತಿಯಾದ ಮೇಲೆ ನಮ್ಮ ಹಿಂದಿನ ಓಣಿಯಲ್ಲಿ ಮಗ ಸೊಸೆಯ ಜತೆ ಇದ್ದಾಳೆ. ಅವರಿಬ್ಬರೂ ಬೆಳಗಾದರೆ ತೆಂಗಿನಕಾಯಿ ಮಂಡಿಯ ಕೆಲಸಕ್ಕೆ ಹೊರಟುಬಿಡುವವರು.

ನಮ್ಮ ಮನೆತನದ ಗುಣವನ್ನೂ ಹೇಳಿಬಿಡಬೇಕು. ಹೊಡೆದರೆ ತಡೆದುಕೊಂಡೇವು, ಮಾತಾಡಿಸದೆ ಹೋದರೆ ತಡೆಯುವವರಲ್ಲ. ಮದುವೆ ಮನೆಯಲ್ಲಿ ಯಾರು ಯಾರಿಗೆ "ಊಟ ಆಯ್ತಾ" ಅನ್ನಲಿಲ್ಲ ಅನ್ನುವುದು ಮೊಮ್ಮಕ್ಕಳ ಕಾಲಕ್ಕೂ ನೆನಪಿರಬೇಕು. ನನಗಂತೂ ಮೂಗಿನ ತುದಿಯಲ್ಲೇ ಸಿಟ್ಟು. ಹೆಂಡತಿ ಪುಷ್ಪ ಬೇರೆ ಮನೆತನದವಳಾದರೂ ಬೇಗ ಕಲಿತುಕೊಂಡಳು.

ಶುರುವಾದದ್ದು ನನ್ನ ಪಾತ್ರೆ ಅಂಗಡಿಯ ಮುಂದೆ. ಅತ್ತೆ ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತಿದ್ದಳು. ನಾನು ಗಲ್ಲಾದಿಂದ ಎದ್ದು ಕೈ ಎತ್ತಿದೆ. ನೇರ ನನ್ನ ಕಡೆಗೇ ನೋಡಿದಳು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ, ಹೋಗಿಯೇಬಿಟ್ಟಳು. ಗಿರಾಕಿಗಳ ಎದುರು ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ತಲೆ ಕೆರೆದುಕೊಂಡೆ.

ಆಮೇಲೆ ನಮ್ಮ ಹೊಸ ಮನೆಯ ಗೃಹಪ್ರವೇಶ. ಪುಷ್ಪ ಗಿಳಿಹಸಿರು ರೇಷ್ಮೆ ಉಟ್ಟು ಬಾಗಿಲಲ್ಲಿ "ಬರ್ರಿ ಅತ್ತೆ" ಅಂದಳು. "ಇದ್ಯಾಕಮ್ಮ ಬೂದಿ ಬಣ್ಣದ್ದು ಉಟ್ಟೀಯ?" ಅಂದಳು ಅತ್ತೆ, ಹತ್ತು ಜನರ ಮುಂದೆ. ಅದೂ ಸಾಲದು ಅಂತ, ಪುಷ್ಪಳಿಗೆಂದು ತಂದ ಸೀರೆಯನ್ನು ಪಕ್ಕದಲ್ಲಿ ನಿಂತಿದ್ದ ಎದುರುಮನೆಯಾಕೆಯ ಮಡಿಲಿಗೆ ಹಾಕಿ ಕುಂಕುಮ ಹಚ್ಚಿದಳು. ಹೊತ್ತು ಮುಳುಗೋಕೆ ಮುಂಚೆ, ಎಲೆಯ ಮುಂದೆ ಕೂರದೆ, "ಬೆಳಕಿದ್ದಂಗೇ ಹೋಗ್ತೀನಪ್ಪ" ಅಂತ ಹೊರಟಳು. ಪುಷ್ಪ ಒಳಗೆ ಹೋಗಿ ಅತ್ತಳು. "ಪೆನ್ಷನ್ ಬರ್ತೈತಲ್ಲ, ನಿಮ್ಮತ್ತೆಗೆ ಕಣ್ಣು ನೆತ್ತಿಗೇರೈತೆ. ಇನ್ನು ಆ ಮನೆ ಹೊಸ್ತಿಲು ತುಳಿಯಲ್ಲ ನಾನು!" ನಾನು ಸಮಾಧಾನ ಮಾಡಬೇಕಿತ್ತು, ಉರಿಯೋ ಬೆಂಕಿಗೆ ತುಪ್ಪ ಸುರಿದೆ.

ಮಗಳ ನಿಶ್ಚಿತಾರ್ಥ ಬಂತು. ಹಿರೀ ಸೋದರತ್ತೆಯನ್ನು ಬಿಟ್ಟು ನಮ್ಮಲ್ಲಿ ಶುಭಕಾರ್ಯ ಮಾಡುವುದಿಲ್ಲ. ನಾನು ಮಾಡಿದೆ. ಆ ಓಣಿಯ ಎಲ್ಲ ಮನೆಗೂ ಹೇಳಿ, ಅವಳ ಮನೆ ಮುಂದೆ ಮಾತ್ರ ಬೈಕ್ ನಿಲ್ಲಿಸಲಿಲ್ಲ. ಅವತ್ತು ಎಷ್ಟು ಖುಷಿಪಟ್ಟಿದ್ದೆ ಅನ್ನುವುದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೋದ ತಿಂಗಳು ಜಿಲ್ಲಾ ಕೇಂದ್ರವಾದ ದುರ್ಗಕ್ಕೆ ಹೋಗಲು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕೈಚೀಲ ಹಿಡಿದ ಅತ್ತೆ ನನ್ನ ಮುಂದೆಯೇ ಬಂದು ನಿಂತಳು. ನಾನು ಮುಖ ಗಂಟಿಕ್ಕಿಕೊಂಡೆ.

"ಸಾರ್, ಈ ಬಸ್ಸು ರಾಮಗಿರಿಗೆ ಹೋಗ್ತೈತೇನ್ರಿ?"

ಸಾರ್ ಅಂತೆ! ಗೇಲಿ ಮಾಡ್ತಿದಾಳೆ ಅಂತ ನನಗೆ ಉರಿದುಹೋಯಿತು. "ಬೋರ್ಡ್ ಐತಲ್ಲ, ಓದ್ಕೋ" ಅಂದೆ.

ದನಿ ಕೇಳಿದ್ದೇ ತಡ, ಕೈಚೀಲ ಕೆಳಗೆ ಬಿತ್ತು. "ಲೇ, ನೀನೇನೋ!" ಅಂತ ಗಾಳಿಯಲ್ಲಿ ತಡಕಾಡಿ ನನ್ನ ತೋಳು ಹಿಡಿದಳು. ಬಿಸಿಲಿಗೆ ಮುಖ ಎತ್ತಿದಾಗ ನೋಡಿದೆ. ಕಣ್ಣಿನ ನಡುವಿನ ಕಪ್ಪು ಗಂಜಿ ತಿಳಿಯಂತೆ ಬೆಳ್ಳಗಾಗಿತ್ತು. "ಬೋರ್ಡು ಕಾಣಲ್ಲಪ್ಪ. ಯಾರಿಗೂ ಹೇಳಬ್ಯಾಡ, ಆಮ್ಯಾಲೆ ಮಗ ಸೊಸೆ ನನ್ನ ಹೊರಗೇ ಬಿಡಲ್ಲ" ಅಂದಳು ಮೆಲ್ಲಗೆ. ಅಕ್ಷರ ಕಲಿಸಿದವಳಿಗೆ ಓದ್ಕೋ ಅಂದ ನನ್ನ ನಾಲಿಗೆ ಸೇದಿಹೋಗಬಾರದಿತ್ತೇ.

ಅವಳ ಮಗನಿಗೆ ಫೋನ್ ಮಾಡಿ, ಅವಳನ್ನು ದುರ್ಗದ ಬಸ್ಸಿಗೇ ಹತ್ತಿಸಿ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಒಂದೊಂದೇ ಕೇಳುತ್ತಾ ಹೋದರು. ಎದುರಿಗೆ ಬಂದವರ ಮುಖ ಗುರುತು ಸಿಗುತ್ತಾ? ಬಣ್ಣ ಮಾಸಿದ ಹಾಗೆ ಕಾಣುತ್ತಾ? ಸಂಜೆ ಗಾಡಿಗಳ ಲೈಟು ಕಣ್ಣಿಗೆ ಕುಕ್ಕಿ ಓಡಾಡೋಕೆ ಹೆದರಿಕೆ ಆಗುತ್ತಾ? ಕನ್ನಡಕ ಬದಲಾಯಿಸಿದರೂ ಮಂಜು ಮಂಜೇನಾ? ಅವರು ಕೇಳಿದ್ದು ರೋಗದ ಬಗ್ಗೆ. ನನಗೋ, ನಾನೂ ಪುಷ್ಪಳೂ ಅತ್ತೆಯ ಮೇಲೆ ಹೊರಿಸಿದ್ದ ದೂರುಗಳನ್ನೇ ಯಾರೋ ಗಟ್ಟಿಯಾಗಿ ಓದಿದಂತೆ ಕೇಳಿಸುತ್ತಿತ್ತು.

"ಪೊರೆ ಬಂದೈತೆ ಅಂತ ಗೊತ್ತಿತ್ರಿ, ಹಣ್ಣಾಗಲಿ ಅಂತ ಕಾಯ್ತಿದ್ದೆ" ಅಂದಳು ಅತ್ತೆ.

"ಅದೇನು ಮಾವಿನಕಾಯೇನಮ್ಮ ಹಣ್ಣಾಗೋಕೆ? ದಿನದ ಕೆಲಸಕ್ಕೆ ತೊಡಕಾಗೋಕೆ ಶುರುವಾದಾಗಲೇ ಬಂದು ತೋರಿಸಬೇಕು" ಅಂದ ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಯಾರೂ ಗಮನಿಸಲಿಲ್ವಾ?"

ಗಮನಿಸದೆ ಏನು? ಒಂದೊಂದನ್ನೂ ಗಮನಿಸಿ, ಒಂದೊಂದಕ್ಕೂ ಸಿಟ್ಟು ಮಾಡಿಕೊಂಡಿದ್ದೆವು.

ಇವತ್ತು ಬೆಳಿಗ್ಗೆ ಹನಿ ಬಿಟ್ಟಾದ ಮೇಲೆ ಅತ್ತೆ ಎದ್ದು ಗೋಡೆಗೆ ಒರಗಿ ಕೂತಳು. "ಒಂದು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ. ಮಗು ನಿಶ್ಚಿತಾರ್ಥಕ್ಕೆ ಯಾಕೆ ಕರೀಲಿಲ್ಲ? ನನ್ನಿಂದ ಏನು ತಪ್ಪಾಗಿತ್ತೋ? ಎಷ್ಟು ಯೋಚನೆ ಮಾಡಿದ್ರೂ ಹೊಳೀಲಿಲ್ಲ."

ಸುಳ್ಳು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. ರಸ್ತೆಯಲ್ಲಿ ಕೈ ಎತ್ತಿದ್ದು, ಸೀರೆ, ಕುಂಕುಮ, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅವೆಲ್ಲ ಎಷ್ಟು ಸಣ್ಣವು ಅನ್ನಿಸಿ ದನಿ ಇಳಿಯುತ್ತಾ ಹೋಯಿತು. ಅತ್ತೆ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ಕೈ ಎತ್ತಿದ್ದು ಕಾಣ್ಲಿಲ್ಲ, ನಿಜ" ಅಂದಳು. "ನಿಂಗೆ ಬಾಯಿ ಇರ್ಲಿಲ್ವೇನೋ? 'ಅತ್ತೆ' ಅಂತ ಒಂದ್ಸಲ ಕೂಗಿದ್ರೆ ರಸ್ತೆ ದಾಟಿ ಬರ್ತಿದ್ನಲ್ಲೋ."

ನಾನು ನೆಲ ನೋಡುತ್ತಾ ಕೂತೆ. ಅವಳು ಹತ್ತಿರ ಸರಿದು ನನ್ನ ಗದ್ದಕ್ಕೆ ಕೈ ಹಾಕಿದಳು.

"ತಲೆ ಎತ್ತೋ. ಈಗ ಕಾಣ್ತೈತೆ, ನಿನ್ನ ಮುಖ ನೋಡ್ಬೇಕು."

ಎತ್ತೋಕೆ ಆಗಲಿಲ್ಲ.